ಒಂದು ಸಲಕ್ಕೆ ಒಂದೇ ಬಿರುಕು: ಗಡಿನಾಡಿನಿಂದ ಕನ್ನಡ ಸಿನಿಮಾ ನೋಡುವಾಗ

1

ಸೇಲಂ ಪಟ್ಟಣದಿಂದ ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಕಮಾನು ನಿಂತಿದೆ. ಟಿ. ಆರ್. ಸುಂದರಂ 1935ರಲ್ಲಿ ಸ್ಥಾಪಿಸಿದ ಮಾಡರ್ನ್ ಥಿಯೇಟರ್ಸ್ ಎಂಬ ಚಿತ್ರಸಂಸ್ಥೆಯ ಹೆಬ್ಬಾಗಿಲು ಅದು. ಸ್ಟುಡಿಯೋ ಹೋಯಿತು, ಕಮಾನು ಉಳಿಯಿತು. ಮಲಯಾಳದ ಮೊದಲ ವಾಕ್ಚಿತ್ರ 'ಬಾಲನ್' 1938ರಲ್ಲಿ ಹೊರಬಂದದ್ದು ಈ ಸಂಸ್ಥೆಯಿಂದ. ಮಲಯಾಳದ ಮೊದಲ ವರ್ಣಚಿತ್ರ 'ಕಂಡಂ ಬೆಚ್ಚ ಕೋಟ್ಟು' (1961) ಕೂಡ ಇದೇ ಸಂಸ್ಥೆಯದು. ಹಜ್ ಯಾತ್ರೆಗೆಂದು ಕಾಸು ಕೂಡಿಡುವ ಮಲಬಾರಿನ ಒಬ್ಬ ಬಡ ಮುಸಲ್ಮಾನ ಮುದುಕನ ಕಥೆಯನ್ನು ತಮಿಳುನಾಡಿನ ಸೇಲಂನಲ್ಲಿದ್ದ ಸುಂದರಂ ತಾವೇ ನಿರ್ದೇಶಿಸಿದರು.

ಈ ಸಂಚಿಕೆಯ ಮಲಯಾಳ ಓದುಗರಿಗೂ ಕನ್ನಡ ಓದುಗರಿಗೂ ಈ ಸಂಗತಿಯನ್ನು ಮೊದಲಿಗೇ ಹೇಳಲು ಕಾರಣವಿದೆ. ದಕ್ಷಿಣದ ಸಿನಿಮಾ ತಯಾರಾಗುವಾಗ ಭಾಷೆಯ ಗಡಿಯನ್ನು ಎಂದೂ ಲೆಕ್ಕಿಸಿಲ್ಲ. ಬಂಡವಾಳ ಒಂದು ಊರಿನದು, ಕ್ಯಾಮೆರಾ ಇನ್ನೊಂದು ಊರಿನದು, ಕಲಾವಿದರು ಮೂರನೆಯ ಊರಿನವರು. ಕನ್ನಡ ಚಿತ್ರರಂಗವೂ ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲೇ ಬದುಕಿತು. ಕನ್ನಡಿಗರ ಕಣ್ಮಣಿಯಾದ ರಾಜಕುಮಾರ್ ಹುಟ್ಟಿದ್ದು ತಮಿಳುನಾಡಿಗೆ ಸೇರಿದ ತಾಳವಾಡಿ ಕಡೆಯ ಗಾಜನೂರಿನಲ್ಲಿ. ಆದರೆ ಹೀಗೆ ಗಡಿ ದಾಟಿ ತಯಾರಾಗುವ ಸಿನಿಮಾ, ನಮ್ಮ ಸಮಾಜವನ್ನು ಸೀಳುವ ಗೆರೆಗಳನ್ನು ಎಷ್ಟರಮಟ್ಟಿಗೆ ನೋಡಿದೆ? ಜಾತಿಯ ಗೆರೆ, ಧರ್ಮದ ಗೆರೆ, ಹೆಣ್ಣು ಗಂಡಿನ ನಡುವಿನ ಗೆರೆ, ಕೊನೆಗೆ ನಮ್ಮಂಥವರನ್ನು ದಿನವೂ ಮುಟ್ಟುವ ಭಾಷೆಯ ಗೆರೆ, ಇವು ಪರದೆಯ ಮೇಲೆ ಹೇಗೆ ಬಂದಿವೆ?

ಸೇಲಂ ಜಿಲ್ಲೆಯ ನಂಗವಳ್ಳಿಯಲ್ಲಿ ಕುಳಿತು ಬರೆಯುತ್ತಿರುವ ನನ್ನಂಥವನಿಗೆ ಇದು ಕೇವಲ ರಸಿಕತೆಯ ಪ್ರಶ್ನೆಯಲ್ಲ. ತನ್ನ ಭಾಷೆಯ ಶಾಲೆ, ಪತ್ರಿಕೆ, ಕಚೇರಿ ಯಾವುದೂ ಹತ್ತಿರದಲ್ಲಿಲ್ಲದ ಮನೆಗಳಿಗೆ ಕನ್ನಡ ಬಂದು ಮುಟ್ಟುವುದು ಹೆಚ್ಚಾಗಿ ಸಿನಿಮಾದ ಮೂಲಕ. ಅಕ್ಷರ ಬಾರದವರಿಗೂ ಅದು ತಲುಪುತ್ತದೆ. ಆದುದರಿಂದ ಆ ಕನ್ನಡಿಯಲ್ಲಿ ನಾವು ಹೇಗೆ ಕಾಣುತ್ತೇವೆ, ಅಥವಾ ಕಾಣುತ್ತೇವೆಯೇ ಎಂದು ಕೇಳುವ ಹಕ್ಕು ನಮಗಿದೆ.

ನನ್ನ ಮಾತಿನ ಸಾರಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದ ಒಳ್ಳೆಯ ಚಿತ್ರಗಳು ಬಿರುಕನ್ನು ನೋಡಲು ಹೆದರಲಿಲ್ಲ. ಆದರೆ ಅವು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಬಿರುಕನ್ನು ನೋಡಿದವು. ಗಡಿನಾಡಿನ ಮನೆಗಳಲ್ಲಾದರೋ ಈ ಬಿರುಕುಗಳೆಲ್ಲ ಒಂದೇ ಗೋಡೆಯ ಮೇಲಿವೆ.

2

ಕನ್ನಡದ ಹೊಸ ಅಲೆಯ ಚಿತ್ರಗಳನ್ನು ನೆನೆಯುವಾಗ 'ಸಂಸ್ಕಾರ'ದಿಂದ (1970) ಹೊರಡುವುದು ವಾಡಿಕೆ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ಚಿತ್ರವಾಗಿಸಿದರು. ಬ್ರಾಹ್ಮಣ ಅಗ್ರಹಾರದಲ್ಲಿ ಆಚಾರ ಕೆಟ್ಟವನೊಬ್ಬ ಸತ್ತಿದ್ದಾನೆ, ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತ ಚಿತ್ರ. ಉದ್ವೇಗ ಉಂಟಾದೀತೆಂದು ಸೆನ್ಸಾರ್ ಮಂಡಳಿ ಇದನ್ನು ಮೊದಲು ತಡೆಹಿಡಿಯಿತು; ಬಿಡುಗಡೆಯಾದ ಮೇಲೆ ಇದೇ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣ ಕಮಲ ಬಂತು. ಈ ಗೌರವ ಪಡೆದ ಮೊದಲ ಕನ್ನಡ ಚಿತ್ರ ಇದು.

ಇದಾದ ಮೇಲೆ ಬಂದ ಎರಡು ಚಿತ್ರಗಳು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಒಂದು, ಬಿ. ವಿ. ಕಾರಂತರ 'ಚೋಮನ ದುಡಿ' (1975). ಇನ್ನೊಂದು, ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977). ಇವೆರಡಕ್ಕೂ ಸ್ವರ್ಣ ಕಮಲ ಬಂದಿದೆ.

ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯ ಚೋಮನಿಗೆ ಇರುವುದು ಒಂದೇ ಆಸೆ: ಸ್ವಂತಕ್ಕೆ ಒಂದು ತುಂಡು ಗದ್ದೆ ಉಳಬೇಕು. ಅವನ ಬಳಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಆದರೆ ಹೊಲೆಯನು ಬೇಸಾಯಗಾರನಾಗಕೂಡದು ಎಂಬುದು ಊರಿನ ಕಟ್ಟಳೆ. ಚೋಮನ ಪಾತ್ರದಲ್ಲಿ ಎಂ. ವಿ. ವಾಸುದೇವರಾವ್ ಅವರ ಮುಖವನ್ನು ನೋಡಿದವರು ಅದನ್ನು ಮರೆಯಲಾರರು. ಗಮನಿಸಬೇಕಾದ್ದೆಂದರೆ, ಇಲ್ಲಿ ಧಣಿಯನ್ನು ರಾಕ್ಷಸನಂತೆ ತೋರಿಸಿಲ್ಲ. ಅವನು ಕರಗಬಲ್ಲ ಮನುಷ್ಯ. ಅವನ ಕೈ ಕಟ್ಟಿರುವುದು ತಲೆತಲಾಂತರದ ನಡವಳಿಕೆ. ಚೋಮನ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನೆಂಬ ಕಾರಣಕ್ಕೆ ಕೈನೀಡುವವರಿಲ್ಲ. ಖಳನಾಯಕ ಒಬ್ಬನಿದ್ದಿದ್ದರೆ ಅವನನ್ನು ಬೈದು ಮನೆಗೆ ಹೋಗಬಹುದಿತ್ತು. ಈ ಚಿತ್ರದಲ್ಲಿ ದಡದಲ್ಲಿ ನಿಂತವರೆಲ್ಲ ನಮ್ಮ ನಿಮ್ಮಂಥವರು.

'ಘಟಶ್ರಾದ್ಧ'ದಲ್ಲಿ ಇದನ್ನೆಲ್ಲ ನೋಡುವವನು ನಾಣಿ ಎಂಬ ಪುಟ್ಟ ಹುಡುಗ. ವೇದ ಕಲಿಯಲು ಬಂದವನು ಗುರುಗಳ ವಿಧವೆ ಮಗಳು ಯಮುನಕ್ಕನ ಸೆರಗು ಹಿಡಿದು ತಿರುಗುತ್ತಾನೆ. ಅವಳು ಗರ್ಭಿಣಿಯಾಗುತ್ತಾಳೆ, ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ಮಗುವಿನ ಕಣ್ಣಿನ ಎತ್ತರದಿಂದ ನೋಡಿದಾಗ ಧರ್ಮಶಾಸ್ತ್ರದ ದೊಡ್ಡ ಮಾತುಗಳೆಲ್ಲ ದೊಡ್ಡವರ ಕಾಲುಗಳ ಹಾಗೆ ಅತ್ತಿತ್ತ ಓಡಾಡುತ್ತವೆ. ಅರ್ಥವಾಗುವುದು ಯಮುನಕ್ಕನ ಮುಖ ಮಾತ್ರ. ಈ ಚಿತ್ರದ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಮಕ್ಕಳ ವಯಸ್ಸಿನವರು ಇದನ್ನು ನೋಡಬೇಕು.

ಮಲಯಾಳದಲ್ಲಿ ಈ ಕೆಲಸ ಇನ್ನೂ ಮೊದಲು ಶುರುವಾಯಿತು ಎಂಬುದನ್ನು ಒಪ್ಪಬೇಕು. ಪಿ. ಭಾಸ್ಕರನ್ ಮತ್ತು ರಾಮು ಕಾರ್ಯಾಟ್ ಕೂಡಿ ನಿರ್ದೇಶಿಸಿದ 'ನೀಲಕ್ಕುಯಿಲ್' (1954), ಮೇಲ್ಜಾತಿಯ ಶಾಲಾ ಮಾಸ್ತರನಿಂದ ಕೈಬಿಡಲ್ಪಟ್ಟ ನೀಲಿ ಎಂಬ ದಲಿತ ಹೆಣ್ಣಿನ ಕಥೆ. ಅವಳ ಮಗುವನ್ನು ಸಾಕುವವನು ಊರಿನ ಅಂಚೆಯವನು. ಅಲ್ಲಿ ಹಾಡುಗಳಿವೆ, ಕೊನೆಗೆ ಒಂದು ಸಮಾಧಾನವಿದೆ. ಕನ್ನಡದ ಚಿತ್ರಗಳು ಇಪ್ಪತ್ತು ವರ್ಷ ತಡವಾಗಿ ಬಂದರೂ ಆ ಸಮಾಧಾನವನ್ನು ಕೊಡಲು ಒಪ್ಪಲಿಲ್ಲ. ಎರಡೂ ಭಾಷೆಗಳ ಸಿನಿಮಾ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುವ ವ್ಯತ್ಯಾಸ ಇದು.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಮಾತು ಉಳಿಯುತ್ತದೆ. ಚೋಮನ ಸೀಮೆಯ ಮನೆಮಾತು ತುಳು. ಗುಡಿಸಲಿನಲ್ಲಿ ಅವನು ಮಗಳು ಬೆಳ್ಳಿಯೊಡನೆ ತುಳುವಿನಲ್ಲಿ ಮಾತಾಡುವವನೇ. ಕಾದಂಬರಿಯೂ ಚಿತ್ರವೂ ಅವನಿಂದ ಕನ್ನಡ ಆಡಿಸಿದವು. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಕನ್ನಡ ಓದುಗರಿಗೆ, ಕನ್ನಡ ಪ್ರೇಕ್ಷಕರಿಗೆ ಮಾಡಿದ್ದು. ಆದರೆ ಜಾತಿಯ ಬಿರುಕನ್ನು ಇಷ್ಟು ಸ್ಪಷ್ಟವಾಗಿ ಕಂಡ ಕಣ್ಣು, ಭಾಷೆಯ ಬಿರುಕಿಗೆ ಸುಣ್ಣ ಬಳಿಯಿತು ಎಂಬುದೂ ನಿಜ. ಅದು ಹಳೆಯ ಕಾಲದ ಅಭ್ಯಾಸವೂ ಅಲ್ಲ. ತುಳುನಾಡಿನ ದೈವಾರಾಧನೆಯನ್ನೇ ಜೀವಾಳವಾಗಿ ಉಳ್ಳ 'ಕಾಂತಾರ' (2022) ಮೊದಲು ಕನ್ನಡದಲ್ಲಿ ಬಂತು, ತುಳು ಅವತರಣಿಕೆ ಆಮೇಲೆ ಬಂತು. ಮಲಯಾಳದ ನೆರಳಿನಲ್ಲಿ ಕನ್ನಡ ಸಣ್ಣದಾಗುವುದನ್ನು ಬಲ್ಲ ಕಾಸರಗೋಡಿನ ಓದುಗರು, ಕನ್ನಡದ ನೆರಳಿನಲ್ಲಿ ತುಳು ಸಣ್ಣದಾಗುವುದನ್ನೂ ಬಲ್ಲರು.

3

ಹೆಣ್ಣಿನ ಪಾಲಿಗೆ ಬಂದ ಬಿರುಕಿನ ಕುರಿತು ಹೇಳುವಾಗ ಕಾಸರವಳ್ಳಿಯವರ 'ಹಸೀನಾ' (2004) ನೆನಪಾಗುತ್ತದೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ ಇದಕ್ಕೆ ಆಧಾರ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಬಾನು ಅವರ ಹೆಸರು ಮನೆಮನೆಗೆ ತಲುಪಿತು. ಅವರ ಕಥೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಪರದೆಗೆ ಬಂದಿತ್ತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹಸೀನಾ, ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುತ್ತ ಕೂರುತ್ತಾಳೆ. ಈ ಪಾತ್ರಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಇದರ ಜೊತೆಯಲ್ಲಿ ದೂರದ ನಾಡಿನ ಒಂದು ಚಿತ್ರವನ್ನು ಇಟ್ಟು ನೋಡುವುದು ಉಪಯುಕ್ತ. ಇಸ್ರೇಲಿನ ಸಮಾಜ ಹಲವು ಕಡೆ ಸೀಳಿದ ಸಮಾಜ: ಯಹೂದಿ ಮತ್ತು ಅರಬ, ಯುರೋಪಿನಿಂದ ಬಂದ ಯಹೂದಿ ಮತ್ತು ಅರಬ್ ದೇಶಗಳಿಂದ ಬಂದ ಯಹೂದಿ, ಶಾಸ್ತ್ರನಿಷ್ಠ ಮತ್ತು ಲೌಕಿಕ. ಅಲ್ಲಿನ ಸಿನಿಮಾ ಈ ಸೀಳುಗಳನ್ನೇ ತನ್ನ ಮುಖ್ಯ ವಸ್ತುವನ್ನಾಗಿ ಮಾಡಿಕೊಂಡಿದೆ. ರೋನಿತ್ ಎಲ್ಕಬೆಟ್ಜ್ ಎಂಬ ನಟಿ ತನ್ನ ತಮ್ಮ ಶ್ಲೋಮಿಯೊಡನೆ ನಿರ್ದೇಶಿಸಿದ 'ಗೆಟ್' (2014) ಎಂಬ ಚಿತ್ರ ಹೆಚ್ಚುಕಡಿಮೆ ಪೂರ್ತಿ ಧಾರ್ಮಿಕ ನ್ಯಾಯಾಲಯದ ಒಂದು ಕೋಣೆಯಲ್ಲೇ ನಡೆಯುತ್ತದೆ. ವಿಚ್ಛೇದನ ಕೊಡುವ ಅಧಿಕಾರ ಗಂಡನದು ಮಾತ್ರ. ಅವನು ಕೊಡುವುದಿಲ್ಲ. ವರ್ಷಗಳು ಉರುಳುತ್ತವೆ. ಆ ಕೋಣೆಯಲ್ಲಿ ಹೀಬ್ರೂ, ಫ್ರೆಂಚ್, ಮೊರಾಕೋದ ಅರಬಿ, ಮೂರೂ ಕೇಳಿಬರುತ್ತವೆ. ನ್ಯಾಯಾಧೀಶರ ಭಾಷೆ ಒಂದು, ದಂಪತಿಗಳು ಜಗಳವಾಡುವ ಭಾಷೆ ಇನ್ನೊಂದು. ಹೆಣ್ಣಿನ ಬಿರುಕು, ಧರ್ಮದ ಬಿರುಕು, ವಲಸೆ ಬಂದವರ ಭಾಷೆಯ ಬಿರುಕು ಒಂದೇ ಬೆಂಚಿನ ಮೇಲೆ ಕೂತಿವೆ.

ಹಸೀನಾ ಮತ್ತು ವಿವಿಯನ್ ಇಬ್ಬರೂ ತಮ್ಮ ಧರ್ಮವನ್ನು ಬಿಟ್ಟು ಹೊರಗೆ ಹೋಗಲು ಹೊರಟವರಲ್ಲ. ತಮ್ಮವರ ಬಾಗಿಲಲ್ಲೇ ನಿಂತು ತಮ್ಮವರನ್ನೇ ಕೇಳುತ್ತಾರೆ. ಅಲ್ಪಸಂಖ್ಯಾತರ ಮನೆಗಳಿಗೆ ಇದು ಬಹಳ ಕಷ್ಟದ ಕೆಲಸ. ಹೊರಗಿನವರ ಮುಂದೆ ಒಗ್ಗಟ್ಟಾಗಿ ಕಾಣಬೇಕಾದವರು ಒಳಗಿನ ಅನ್ಯಾಯವನ್ನು ಹೇಳಿದರೆ ದ್ರೋಹಿಗಳೆನಿಸುತ್ತಾರೆ. ಕನ್ನಡ ಸಂಘದ ಸಭೆಗಳಲ್ಲಿ ಕೂತು ಬಲ್ಲವರಿಗೆ ಈ ಒತ್ತಡ ಏನೆಂದು ಹೇಳಬೇಕಾಗಿಲ್ಲ.

4

ಒಂದು ಸಲಕ್ಕೆ ಒಂದೇ ಬಿರುಕು ಎಂಬ ನನ್ನ ಮಾತಿಗೆ ಕನ್ನಡದಲ್ಲಿ ಒಂದು ದೊಡ್ಡ ಅಪವಾದವಿದೆ. ಅದು 'ಗುಲಾಬಿ ಟಾಕೀಸ್' (2008). ವೈದೇಹಿಯವರ ಕಥೆಯನ್ನು ಕಾಸರವಳ್ಳಿ ಟೆಲಿವಿಷನ್ ಕಾಲಕ್ಕೆ, ಕುಂದಾಪುರ ಕಡೆಯ ಮೀನುಗಾರರ ದ್ವೀಪಕ್ಕೆ ತಂದರು. ಗುಲಾಬಿ ಸೂಲಗಿತ್ತಿ, ಮುಸಲ್ಮಾನಳು, ಗಂಡ ಬಿಟ್ಟವಳು, ಸಿನಿಮಾದ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಸಮೇತ ಒಂದು ಟಿವಿ ಸಿಗುತ್ತದೆ. ಊರಿನ ಹೆಂಗಸರು ಅವಳ ಗುಡಿಸಲಿಗೆ ಬರತೊಡಗುತ್ತಾರೆ. ಕೆಲವರು ಒಳಗೆ ಕೂರುತ್ತಾರೆ, ಕೆಲವರು ಹೊಸಿಲ ಹೊರಗೇ ನಿಂತು ನೋಡುತ್ತಾರೆ.

ಆ ಹೊಸಿಲಿನಲ್ಲೇ ಚಿತ್ರದ ಎಲ್ಲ ಅರ್ಥವಿದೆ. ಒಳಗೆ ಬಂದವರಿಗೆ ಅದು ಸಂತೋಷದ ಕೋಣೆ. ಗಂಡಸರ ಕಣ್ಣಿಲ್ಲದ, ಅತ್ತೆಯರ ಕಾವಲಿಲ್ಲದ ಜಾಗ. ಹೊರಗೆ ನಿಂತವರಿಗೆ ಅದು ಸಾಬರ ಮನೆ. ಇತ್ತ ಕಡಲಿನಲ್ಲಿ ಬೇರೊಂದು ಜಗಳ ಬೆಳೆಯುತ್ತಿದೆ. ಸಣ್ಣ ದೋಣಿಯವರ ಮೀನನ್ನು ದೊಡ್ಡ ಟ್ರಾಲರುಗಳು ಬಾಚಿಕೊಳ್ಳುತ್ತಿವೆ. ಅವುಗಳ ಹಿಂದೆ ಕೊಲ್ಲಿಯ ಹಣವಿದೆ. ಗುಲಾಬಿಯ ಗಂಡ ಮೂಸಾ ಆ ವ್ಯವಹಾರದಲ್ಲಿದ್ದಾನೆ. ಟಿವಿಯಲ್ಲಿ ಕಾರ್ಗಿಲ್ ಯುದ್ಧದ ಸುದ್ದಿ ಬರುತ್ತಿದೆ. ಹೊಟ್ಟೆಪಾಡಿನ ಜಗಳ ಕಣ್ಣೆದುರಿಗೇ ಮತದ ಜಗಳವಾಗುತ್ತದೆ. ಯಾವ ಗಳಿಗೆಯಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಲಾಗದ ಹಾಗೆ ಆಗುತ್ತದೆ. ನೇತ್ರು ಎಂಬ ಹುಡುಗಿ ಊರಿನಿಂದ ಕಾಣೆಯಾದಾಗ ಅವಳ ಗೆಳತಿಯಾದ ಗುಲಾಬಿಯ ಮೇಲೆ ಅಪವಾದ ಬರುತ್ತದೆ. ಕೊನೆಗೆ ಊರಿನ ಎಷ್ಟೋ ಮಕ್ಕಳನ್ನು ತನ್ನ ಕೈಯಿಂದ ಭೂಮಿಗೆ ತಂದವಳು ದ್ವೀಪವನ್ನೇ ಬಿಡಬೇಕಾಗುತ್ತದೆ.

ಉಮಾಶ್ರೀ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ನಾಟಕ ರಂಗದಿಂದ ಬಂದ ಅವರ ದೊಡ್ಡ ದನಿ ಇಲ್ಲಿ ತಗ್ಗಿದೆ. ನಗುವಾಗಲೂ ಯಾರಾದರೂ ಬೈದಾರೆಂಬ ಹುಷಾರಿದೆ. ಚಿತ್ರದ ಮಾತು ಕುಂದಾಪುರದ ಕನ್ನಡ. ಗ್ರಂಥಸ್ಥ ಕನ್ನಡಕ್ಕೆ ತಂದು ಚಪ್ಪಟೆ ಮಾಡಿಲ್ಲ. ಧರ್ಮ, ಹೆಣ್ಣು, ಬಂಡವಾಳ, ದೇಶಭಕ್ತಿ, ಊರಮಾತು, ಐದೂ ಒಂದೇ ಗುಡಿಸಲಿಗೆ ಬಂದು ಕೂಡಿವೆ. ಇದು ಸಾಧ್ಯವಾಗಿದ್ದು ನಿರ್ದೇಶಕರು ಸಮಸ್ಯೆಯಿಂದ ಹೊರಡದೆ ಒಬ್ಬ ಹೆಂಗಸಿನ ಮನೆಯಿಂದ ಹೊರಟದ್ದರಿಂದ ಎಂದು ನನ್ನ ತಿಳಿವಳಿಕೆ. ಸಮಸ್ಯೆಯನ್ನು ಹಿಡಿದು ಹೊರಟರೆ ಒಂದೇ ಸಿಗುತ್ತದೆ. ಮನೆಯನ್ನು ಹಿಡಿದು ಹೊರಟರೆ ಎಲ್ಲವೂ ತಾವಾಗಿ ಬರುತ್ತವೆ.

5

ಈಗ ಈ ಸಂಚಿಕೆಯ ಓದುಗರಿಗೆ ಅತ್ಯಂತ ಪ್ರಿಯವಾದ ಚಿತ್ರಕ್ಕೆ ಬರೋಣ. ರಿಷಬ್ ಶೆಟ್ಟಿ ನಿರ್ದೇಶಿಸಿದ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' 2018ರ ಆಗಸ್ಟಿನಲ್ಲಿ ತೆರೆಕಂಡಿತು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಗಡಿನಾಡ ಕನ್ನಡಿಗರ ಬದುಕು ಜನಪ್ರಿಯ ಚಿತ್ರದ ಹೆಸರಿನಲ್ಲೇ ಬರುವುದು ಸಣ್ಣ ಮಾತಲ್ಲ. ಅನಂತ್ ನಾಗ್ ಅವರ ಬಾಲ್ಯದ ಒಂದು ಭಾಗ ಕಾಞಂಗಾಡಿನ ಆನಂದಾಶ್ರಮದಲ್ಲಿ ಕಳೆಯಿತೆಂಬುದನ್ನು ಬಲ್ಲವರಿಗೆ ಅವರು ಆ ಶಾಲೆಯ ಪರವಾಗಿ ವಾದಿಸುವುದನ್ನು ನೋಡುವಾಗ ಇನ್ನಷ್ಟು ಹತ್ತಿರವೆನಿಸುತ್ತದೆ.

ಚಿತ್ರದ ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ. ಶಾಲೆಯ ಓಣಿ, ಮಳೆ, ಹುಡುಗರ ಕೀಟಲೆ, ಮುಖ್ಯೋಪಾಧ್ಯಾಯರ ಗಡಿಬಿಡಿ, ಭುಜಂಗನ ಹರಟೆ ಎಲ್ಲವೂ ಮಂಜೇಶ್ವರ, ಕುಂಬಳೆ ಕಡೆಯ ಜೀವನದ ವಾಸನೆ ಹೊತ್ತಿವೆ. ತರಗತಿಯಲ್ಲಿ ಮಮ್ಮುಟ್ಟಿ ಎಂಬ ಹೆಸರಿನ ಹುಡುಗನೂ ಇದ್ದಾನೆ. ಕನ್ನಡ ಶಾಲೆ ಯಾರೊಬ್ಬರ ಸೊತ್ತೂ ಅಲ್ಲವೆಂಬುದನ್ನು ಭಾಷಣವಿಲ್ಲದೆ ಹೇಳುವ ಜಾಣತನ ಅದು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸುವ ಪ್ರಸಂಗವೂ ಕಲ್ಪನೆಯದಲ್ಲ. ಕಾಸರಗೋಡಿನಲ್ಲಿ ಇಂಥ ನೇಮಕಗಳ ವಿರುದ್ಧ ಮಕ್ಕಳೂ ಪೋಷಕರೂ ಬೀದಿಗಿಳಿದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ತೊಂದರೆ ಇರುವುದು ಎರಡನೆಯ ಭಾಗದಲ್ಲಿ. ಶಾಲೆ ಮುಚ್ಚಲು ಹೊರಟ ಅಧಿಕಾರಿಯನ್ನು ಚಿತ್ರ ಖಳನನ್ನಾಗಿ ಮಾಡುತ್ತದೆ. ಚೋಮನ ಧಣಿಗೆ ಇದ್ದ ಮನುಷ್ಯತ್ವ ಈತನಿಗಿಲ್ಲ. ಆಮೇಲೆ ನ್ಯಾಯಾಲಯ, ಮಾತಿನ ಮಳೆ, ಗೆಲುವು, ಚಪ್ಪಾಳೆ. ಚಪ್ಪಾಳೆ ಹೊಡೆಯುವಾಗ ನಮಗೆ ಹಿತವೆನಿಸುತ್ತದೆ, ಏಕೆಂದರೆ ಗೆರೆಯನ್ನು ನಮ್ಮಿಂದ ಹೊರಗೆ ಎಳೆದಿದ್ದಾರೆ: ಈ ಕಡೆ ನಾವು, ಆ ಕಡೆ ಅವರು.

ನಿಜವಾದ ಪ್ರಶ್ನೆಗಳು ಆ ಗೆಲುವಿನ ಆಚೆ ಉಳಿಯುತ್ತವೆ. ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಏಕೆ ಇಳಿಯಿತು? ಅಧಿಕಾರಿಯ ಒಂದು ರುಜುವಿನಿಂದ ಮಾತ್ರವೇ? ಅನುಕೂಲವಿರುವ ಕನ್ನಡ ಮನೆಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸಿದ ಮೇಲೆ ಸರ್ಕಾರಿ ಶಾಲೆಯಲ್ಲಿ ಉಳಿದವರು ಯಾರ ಮಕ್ಕಳು? ಅವರಲ್ಲಿ ಕೊರಗರ, ಮೊಗೇರರ ಮಕ್ಕಳೆಷ್ಟು? ಚಿತ್ರದ ತರಗತಿಯಲ್ಲಿ ಜಾತಿಯ ಸುದ್ದಿ ಏಳುವುದೇ ಇಲ್ಲ. 'ಚೋಮನ ದುಡಿ' ಜಾತಿಯ ಬಿರುಕನ್ನು ಕಂಡು ಭಾಷೆಯದನ್ನು ಮುಚ್ಚಿತು. ಈ ಚಿತ್ರ ಭಾಷೆಯ ಬಿರುಕನ್ನು ಕಂಡು ಜಾತಿಯದನ್ನು ಮುಚ್ಚಿತು. ನಲವತ್ತಮೂರು ವರ್ಷಗಳ ಅಂತರದಲ್ಲಿ, ಹೆಚ್ಚು ದೂರವಿಲ್ಲದ ಎರಡು ಊರುಗಳ ಕಥೆಗಳಲ್ಲಿ ಹೀಗಾಗಿದೆ.

ಭಾಷೆಯ ವಿಷಯವನ್ನು ಖಳನಿಲ್ಲದೆ ಹೇಳಲು ಬಾರದೇ ಎಂದು ಕೇಳುವವರಿಗೆ ಇಸ್ರೇಲಿನ ಇನ್ನೊಂದು ಚಿತ್ರವನ್ನು ತೋರಿಸಬಹುದು. ಎರಾನ್ ಕೊಲಿರಿನ್ ಅವರ 'ದಿ ಬ್ಯಾಂಡ್ಸ್ ವಿಸಿಟ್' (2007). ಈಜಿಪ್ಟಿನ ಪೊಲೀಸ್ ವಾದ್ಯವೃಂದವೊಂದು ಕಾರ್ಯಕ್ರಮಕ್ಕೆಂದು ಇಸ್ರೇಲಿಗೆ ಬರುತ್ತದೆ. ಹೋಗಬೇಕಾದ ಊರು ಪೆಟಾ ಟಿಕ್ವಾ. ಅರಬಿಯಲ್ಲಿ ಪಕಾರವಿಲ್ಲ, ಅದು ಬಕಾರವಾಗಿ, ಅವರು ಬೆಟ್ ಹಟಿಕ್ವಾ ಎಂಬ ಮರುಭೂಮಿಯ ಕುಗ್ರಾಮಕ್ಕೆ ಬಂದಿಳಿಯುತ್ತಾರೆ. ಮರುದಿನದವರೆಗೆ ಬಸ್ಸಿಲ್ಲ. ಒಂದು ರಾತ್ರಿ ಅಲ್ಲಿಯವರ ಮನೆಗಳಲ್ಲಿ ಕಳೆಯಬೇಕು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದ್ದರಿಂದ ಇಬ್ಬರಿಗೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ತೊದಲುತ್ತ ಊಟ ಮಾಡುತ್ತಾರೆ, ಹಾಡು ಗುನುಗುತ್ತಾರೆ. ಊರಿನ ಹೋಟೆಲಿನವಳಾಗಿ ನಟಿಸಿದವರು 'ಗೆಟ್' ಚಿತ್ರದ ರೋನಿತ್ ಎಲ್ಕಬೆಟ್ಜ್ ಅವರೇ. ಸಂಭಾಷಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲಿಷ್ ಇದೆಯೆಂಬ ಕಾರಣಕ್ಕೆ ಇದನ್ನು ಆಸ್ಕರಿನ ವಿದೇಶೀ ಭಾಷಾ ಚಿತ್ರಗಳ ಸ್ಪರ್ಧೆಯಿಂದ ಕೈಬಿಟ್ಟರು. ಎರಡು ಭಾಷೆಗಳ ನಡುವೆ ಬದುಕುವವರಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಪಕಾರ ಬಕಾರಗಳ ಈ ಕಥೆ ತಮಿಳುನಾಡಿನ ಕನ್ನಡಿಗನಿಗೆ ಬೇಗ ಅರ್ಥವಾಗುತ್ತದೆ. ತಮಿಳು ಲಿಪಿಯಲ್ಲಿ ಈ ಎರಡಕ್ಕೂ ಒಂದೇ ಅಕ್ಷರ. ನಮ್ಮಲ್ಲಿ ಬಸಪ್ಪನ ಹೆಸರನ್ನು ಕಾಗದದಲ್ಲಿ ನೋಡಿ ಓದುವವರು ಪಸಪ್ಪ ಎಂದೇ ಕರೆದಾರು.

6

ನಂಗವಳ್ಳಿ, ಜಲಕಂಠಾಪುರ, ಮೆಟ್ಟೂರು ಕಡೆಯ ಕನ್ನಡ ಮನೆಗಳ ಸ್ಥಿತಿ ಕಾಸರಗೋಡಿನದಕ್ಕಿಂತ ಭಿನ್ನ. ಕಾಸರಗೋಡಿಗೆ 1956ರ ನವೆಂಬರ್ 1 ಎಂಬ ತಾರೀಖಿದೆ, ಮಹಾಜನ ವರದಿಯಿದೆ, ಕಯ್ಯಾರ ಕಿಞ್ಞಣ್ಣ ರೈಗಳಂಥ ಕವಿಯ ದನಿಯಿದೆ. ನಮಗೆ ಅಂಥ ಒಂದು ತಾರೀಖಿಲ್ಲ. ತಲೆಮಾರುಗಳ ಹಿಂದೆ ಮಗ್ಗ ಹೊತ್ತು, ದನ ಹೊಡೆದುಕೊಂಡು ಬಂದು ನೆಲೆಸಿದವರು. ಮನೆಯಲ್ಲಿ ಆಡುವುದು ಕನ್ನಡ. ಅದೂ ತಮಿಳು ಬೆರೆತ, ಬೆಂಗಳೂರಿನವರು ಕೇಳಿದರೆ ನಗುವ ಕನ್ನಡ. ಓದುವುದು, ಬರೆಯುವುದು, ಲೆಕ್ಕ ಮಾಡುವುದು ತಮಿಳಿನಲ್ಲಿ. 2006ರ ತಮಿಳು ಕಲಿಕಾ ಕಾಯ್ದೆಯ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯವಾಯಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಗಳ ಮೆಟ್ಟಿಲೇರಿದರು. ಹೊಸೂರಿನ ಕಡೆಯವರಿಗೆ ಅದು ದೊಡ್ಡ ಚಿಂತೆ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಕನ್ನಡ ಅಕ್ಷರ ಅದಕ್ಕೂ ಎಷ್ಟೋ ಮೊದಲೇ ಹೋಗಿತ್ತು.

ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನಲ್ಲಿ ದಿನವೂ ಕಾಣುವುದನ್ನು ಹೇಳುತ್ತೇನೆ. ಮುದುಕಿ ಮಗಳೊಡನೆ ಕನ್ನಡದಲ್ಲಿ ಮಾತಾಡುತ್ತಾಳೆ. ಮಗಳು ಉತ್ತರವನ್ನು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಕೊಡುತ್ತಾಳೆ. ಮೊಮ್ಮಗ ಪೂರ್ತಿ ತಮಿಳಿನಲ್ಲಿ ಬೇಸರಪಡುತ್ತಾನೆ. ಸ್ಲಿಪ್ಪಿನ ಮೇಲೆ ರುಜು ತಮಿಳಿನಲ್ಲಿ. ಗೆರೆ ಎಲ್ಲಿದೆ? ಮೆಟ್ಟೂರಿನ ಆಚೆ ಕಾಡಿನಲ್ಲಿ ಇಲ್ಲ. ಈ ಮೂವರ ನಡುವೆ, ಎರಡಡಿ ಜಾಗದಲ್ಲಿ ಇದೆ. ಇದಕ್ಕೆ ಯಾವ ಅಧಿಕಾರಿಯನ್ನು ಖಳನನ್ನಾಗಿ ಮಾಡಬೇಕು?

ಗೆರೆ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ನೇಕಾರರ ಬೀದಿಯ ಕನ್ನಡವೇ ಬೇರೆ, ಊರಾಚೆಯ ಕೇರಿಯ ಕನ್ನಡವೇ ಬೇರೆ. ಮನೆಮಾತು ಒಂದೇ ಆದರೂ ಹಬ್ಬದ ಪಂಕ್ತಿ ಒಂದಲ್ಲ. ನಮ್ಮ ಕನ್ನಡ ಅಳಿಯುತ್ತಿದೆ ಎಂದು ಸಭೆಯಲ್ಲಿ ಹೇಳುವವರು, ಆ 'ನಮ್ಮ' ಎಂಬ ಮಾತಿನೊಳಗೆ ಕೇರಿಯವರನ್ನು ಸೇರಿಸಿಕೊಂಡಿದ್ದಾರೆಯೇ ಎಂದು ಕೇಳಿಕೊಂಡದ್ದು ನಾನು ಕಂಡಿಲ್ಲ.

ಇನ್ನು ಕಾವೇರಿಯ ಸುದ್ದಿ. 1991ರಲ್ಲಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ಮೇಲೆ ಕರ್ನಾಟಕದಲ್ಲಿ ಗಲಭೆಯಾಯಿತು. ಅಲ್ಲಿನ ತಮಿಳರು ಊರು ಬಿಟ್ಟು ಓಡಿದರು. 2016ರಲ್ಲಿ ಮತ್ತೆ ಬಸ್ಸುಗಳು ಉರಿದವು. ಅಂಥ ದಿನಗಳಲ್ಲಿ ಮೆಟ್ಟೂರು ಅಣೆಕಟ್ಟಿನ ಕೆಳಗೆ ಬದುಕುವ ಕನ್ನಡ ಮನೆಯವರು ಬೀದಿಯಲ್ಲಿ ತಮಿಳಿನಲ್ಲೇ ಮಾತಾಡಿಕೊಳ್ಳುತ್ತಾರೆ. ನಮ್ಮ ಗದ್ದೆಗೂ ಅದೇ ನೀರು ಬೇಕು, ನಮ್ಮ ಮಾತೂ ಆ ಕಡೆಯದು. ಇದಕ್ಕಿಂತ ದೊಡ್ಡ ಕಥಾವಸ್ತು ಒಬ್ಬ ನಿರ್ದೇಶಕನಿಗೆ ಬೇಕೆ? ಆದರೆ ಕನ್ನಡ ತಮಿಳರ ಜಗಳಕ್ಕೂ ಸಿನಿಮಾಕ್ಕೂ ಇರುವ ನಂಟು ಪರದೆಯ ಮೇಲಲ್ಲ, ಥಿಯೇಟರಿನ ಬಾಗಿಲಲ್ಲಿ. ಸತ್ಯರಾಜ್ 2008ರಲ್ಲಿ ಆಡಿದ ಮಾತಿಗಾಗಿ 2017ರಲ್ಲಿ 'ಬಾಹುಬಲಿ'ಯ ಎರಡನೆಯ ಭಾಗಕ್ಕೆ ಕರ್ನಾಟಕದಲ್ಲಿ ತಡೆ ಎದುರಾಗಿ ಅವರು ವಿಷಾದ ವ್ಯಕ್ತಪಡಿಸಬೇಕಾಯಿತು. 2018ರಲ್ಲಿ ರಜನೀಕಾಂತರ 'ಕಾಲಾ' ಚಿತ್ರಕ್ಕೆ ಅಡ್ಡಿ. 2025ರಲ್ಲಿ ಕಮಲಹಾಸನ್ ಕನ್ನಡದ ಹುಟ್ಟಿನ ಬಗೆಗೆ ಆಡಿದ ಮಾತಿನಿಂದ 'ಥಗ್ ಲೈಫ್' ಚಿತ್ರದ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನಟರು ಹೊರಗೆ ಆಡಿದ ಮಾತಿಗೆ ಇಷ್ಟು ರೋಷ ಬಂದಿದೆ. ಚಿತ್ರದೊಳಗೆ ಆ ವಿಷಯವನ್ನು ಆಡಬೇಕೆಂದು ಯಾರೂ ಒತ್ತಾಯಿಸಿಲ್ಲ.

7

ಇಸ್ರೇಲಿನ ಸಿನಿಮಾವನ್ನು ಹೊಗಳಿದ್ದರಿಂದ ಓದುಗರು ತಪ್ಪು ತಿಳಿಯಬಾರದು. ಅಲ್ಲಿನ ಒಳ್ಳೆಯ ಚಿತ್ರಗಳು ಅಲ್ಲಿನ ರಕ್ತಪಾತವನ್ನು ನಿಲ್ಲಿಸಲಿಲ್ಲ. 2023ರ ಅಕ್ಟೋಬರಿನಿಂದ ನಡೆದದ್ದನ್ನು ಲೋಕವೇ ಕಂಡಿದೆ. ಸಿನಿಮಾದಿಂದ ಅಷ್ಟೊಂದನ್ನು ಬಯಸುವುದೂ ಸರಿಯಲ್ಲ. ನಮ್ಮ ಗಡಿಗಳ ಒಡಕು ಆ ಬಗೆಯ ಯುದ್ಧವೂ ಅಲ್ಲ. ಇಲ್ಲಿ ಬಂದೂಕಿಲ್ಲ, ಮದುವೆ ಸಂಬಂಧಗಳೇ ಇವೆ. ಇಷ್ಟು ಸುರಕ್ಷಿತವಾಗಿರುವ ನಾವು ಅವರಿಗಿಂತ ಹೆಚ್ಚು ಧೈರ್ಯದಿಂದ ನಮ್ಮನ್ನು ನೋಡಿಕೊಳ್ಳಬಹುದಿತ್ತಲ್ಲ ಎಂಬುದಷ್ಟೇ ನನ್ನ ಮಾತು.

ಆ ನಾಡಿನ ಒಂದು ಚಿತ್ರದ ತಯಾರಿಯ ವಿಧಾನ ನಮಗೆ ಮಾದರಿಯಾಗಬಹುದು. 'ಅಜಾಮಿ' (2009) ಎಂಬುದು ಜಾಫಾ ಪಟ್ಟಣದ ಒಂದು ಕೇರಿಯ ಹೆಸರು. ಆ ಹೆಸರಿನ ಚಿತ್ರವನ್ನು ನಿರ್ದೇಶಿಸಿದವರು ಇಬ್ಬರು. ಸ್ಕಂದರ್ ಕೊಪ್ಟಿ ಅರಬ, ಯಾರೋನ್ ಶಾನಿ ಯಹೂದಿ. ಮಾತು ಅರಬಿಯಲ್ಲೂ ಇದೆ, ಹೀಬ್ರೂವಿನಲ್ಲೂ ಇದೆ. ಪಾತ್ರಧಾರಿಗಳು ಹೆಚ್ಚಿನವರು ನಟರಲ್ಲ, ಅದೇ ಜೀವನದಿಂದ ಬಂದವರು. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಡೆಯಿಂದ ಮತ್ತೆ ಮತ್ತೆ ನೋಡುತ್ತಾರೆ. ಪ್ರತಿ ಸಲವೂ ನಾವು ಆಗಲೇ ತಪ್ಪಿತಸ್ಥನೆಂದು ತೀರ್ಮಾನಿಸಿದವನ ಬಗೆಗೆ ಹೊಸ ಸಂಗತಿ ತಿಳಿಯುತ್ತದೆ.

ಕನ್ನಡದ ಪುಟ, ಮಲಯಾಳದ ಪುಟ ಎಂದು ಎರಡನ್ನೂ ಒಂದೇ ದಾರದಲ್ಲಿ ಹೊಲಿಯುವ ಇಂಥ ಸಂಚಿಕೆ ನಡೆಯುವ ಊರಿನಲ್ಲಿ ಅಂಥ ಚಿತ್ರ ಏಕಾಗಬಾರದು? ಕನ್ನಡದವನೊಬ್ಬ, ಮಲಯಾಳದವನೊಬ್ಬ ಕೂಡಿ ಮಾಡಲಿ. ತುಳುವಿನವರು ತುಳುವಿನಲ್ಲೇ ಮಾತಾಡಲಿ. ಶಾಲೆ ಮುಚ್ಚಲು ಬಂದ ಅಧಿಕಾರಿಯೂ ಸಂಜೆ ತನ್ನ ಮನೆಗೆ ಹೋಗುವವನೇ. ಆ ಮನೆಯನ್ನೂ ತೋರಿಸಲಿ. ಮಗಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ ಕನ್ನಡದ ಮೆರವಣಿಗೆಗೆ ಬರುವ ನಮ್ಮ ಮನೆಯನ್ನೂ ಬಿಡದಿರಲಿ. ಈಗ ಕ್ಯಾಮೆರಾ ದುಬಾರಿಯಲ್ಲ, ಸ್ಟುಡಿಯೋದ ಕಮಾನಿನೊಳಗೆ ಹೋಗಬೇಕಾದ ಅಗತ್ಯವೂ ಇಲ್ಲ.

ಸೇಲಂನಲ್ಲಿ ಕುಳಿತು ಮಲಬಾರಿನ ಮುದುಕನ ಕಥೆಯನ್ನು ಹೇಳಲು 1961ರಲ್ಲಿ ಒಬ್ಬರು ಮನಸ್ಸು ಮಾಡಿದರು. ನಂಗವಳ್ಳಿಯ ಕೌಂಟರಿನ ಮುಂದೆ ನಿಂತ ಆ ಮೂರು ತಲೆಮಾರಿನ ಕಥೆಯನ್ನು ಹೇಳಲು ಕಾಸರಗೋಡಿನ ಯಾರಾದರೂ ಮನಸ್ಸು ಮಾಡಿದರೆ ಅದು ವಿಚಿತ್ರವೇನೂ ಆಗದು. ಮುದುಕಿಗೆ ಅಕ್ಷರ ಬಾರದಿದ್ದರೂ ಕನ್ನಡ ಚಿತ್ರ ಅರ್ಥವಾಗುತ್ತದೆ. ಮೊಮ್ಮಗನಿಗೆ ಕೆಳಗೆ ತಮಿಳಿನಲ್ಲಿ ಅಕ್ಷರ ಹಾಕಿದರೆ ಸಾಕು. ಇಬ್ಬರೂ ಒಟ್ಟಿಗೆ ಕೂತು ನೋಡಬಹುದಾದ ಒಂದು ಚಿತ್ರ ನಮಗೆ ಬೇಕಾಗಿದೆ.